ಪಂಚಾಂಗ ನೋಡಿ ಆಫ್ರಿಕಾಕ್ಕೆ



ಮಧುಚಂದ್ರವೆಂದರೆ ಊಟಿ, ಕೊಡೈಕನಾಲ್ ಎನ್ನುತ್ತಿದ್ದ ಕಾಲ ಎಂದೋ ಹೋಯಿತು. ಆಮೇಲೆ ಬಾಲಿ ಬಂತು, ಮಾಲ್ಡೀವ್ಸ್ ಬಂತು. ಈಗ ಕೆಲವು ಜೋಡಿಗಳು ನೇರವಾಗಿ ಆಫ್ರಿಕಾ ಎನ್ನುತ್ತಿವೆ. ಅದೂ ಹೋಟೆಲಿನ ಈಜುಕೊಳದ ಪಕ್ಕ ಕೂತು ನೋಡುವ ಆಫ್ರಿಕಾ ಅಲ್ಲ. ಕಿಲಿಮಂಜಾರೋ ಹತ್ತಬೇಕು, ಸಿಂಹವಿರುವ ಕಾಡಿನಲ್ಲಿ ನಡೆದು ಹೋಗಬೇಕು, ಜಾಂಬೆಜಿ ನದಿಯ ಸುಳಿಗಳಲ್ಲಿ ರಬ್ಬರ್ ದೋಣಿ ಇಳಿಸಬೇಕು. ಆಸೆ ಒಳ್ಳೆಯದೇ, ನಾನಂತೂ ಬೆನ್ನು ತಟ್ಟುವ ಪಕ್ಷ. ಆದರೆ ಸಲಹೆ ಕೇಳಲು ಬರುವವರೆಲ್ಲ ಯಾವ ದೇಶ ಚೆನ್ನ ಎಂದು ಮೊದಲು ಕೇಳುತ್ತಾರೆ. ಮದುವೆ ಯಾವ ಮಾಸದಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ.

ಯಾಕೆಂದರೆ ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎನ್ನುವುದನ್ನು ತೀರ್ಮಾನಿಸುವುದು ಮಳೆ. ಭಾರತದಂಥ ಒಂಬತ್ತು ದೇಶಗಳು ಹಿಡಿಸುವ ಖಂಡ ಅದು. 54 ದೇಶಗಳಿವೆ. ಸಮಭಾಜಕ ವೃತ್ತ ಅದರ ಸೊಂಟದಲ್ಲೇ ಹಾದುಹೋಗುತ್ತದೆ. ಕೀನ್ಯಾ, ಟಾಂಜಾನಿಯಾಗಳಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗೆ ದೊಡ್ಡ ಮಳೆ, ನವೆಂಬರಿನ ಸುಮಾರಿಗೆ ಸಣ್ಣ ಮಳೆ. ಇನ್ನೂ ಕೆಳಗಿರುವ ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್ವಾನಾಗಳಲ್ಲಿ ಮಳೆ ನವೆಂಬರಿನಿಂದ ಮಾರ್ಚಿನವರೆಗೆ, ಮಿಕ್ಕ ತಿಂಗಳು ಒಣ. ತುತ್ತತುದಿಯ ಕೇಪ್‌ಟೌನಿಗೆ ಹೋದರೆ ಲೆಕ್ಕ ಮತ್ತೆ ತಲೆಕೆಳಗು, ಅಲ್ಲಿ ಜೂನ್‌, ಜುಲೈ, ಆಗಸ್ಟಿನ ಚಳಿಯಲ್ಲೇ ಮಳೆ. ಹುಲ್ಲು ಎತ್ತರಕ್ಕೆ ಬೆಳೆದಾಗ ಪ್ರಾಣಿ ಕಣ್ಣಿಗೆ ಬೀಳದು. ಎರೆಮಣ್ಣಿನ ದಾರಿಯಲ್ಲಿ ಜೀಪು ಹೂತುಕೊಳ್ಳುತ್ತದೆ. ನದಿ ಉಕ್ಕಿದಾಗ ದೋಣಿಯವರು ಆಗದೆಂದು ಕೈ ಆಡಿಸಿಬಿಡುತ್ತಾರೆ.

ಇನ್ನು ನಮ್ಮ ಕಡೆಯ ಮದುವೆಗಳು. ಹೆಚ್ಚಿನವು ವೈಶಾಖ, ಜ್ಯೇಷ್ಠದಲ್ಲಿ. ಮಕ್ಕಳಿಗೆ ರಜೆ, ನೆಂಟರಿಗೆ ಬಿಡುವು, ಕಲ್ಯಾಣಮಂಟಪಕ್ಕೆ ಪೈಪೋಟಿ. ಇಂಗ್ಲಿಷ್ ತಿಂಗಳಲ್ಲಿ ಹೇಳುವುದಾದರೆ ಏಪ್ರಿಲ್ ಕೊನೆ, ಮೇ, ಜೂನ್. ಅಂದರೆ ಹೆಚ್ಚಿನ ಮದುವೆಗಳು ಮುಗಿಯುವ ಹೊತ್ತಿಗೆ ಪೂರ್ವ ಆಫ್ರಿಕಾ ಮಳೆಯಲ್ಲಿ ತೊಯ್ಯುತ್ತಿರುತ್ತದೆ. ಟಾಂಜಾನಿಯಾದ ಸೆರೆಂಗೆಟಿ ಬಯಲಿನ ಎಷ್ಟೋ ಡೇರೆ ಶಿಬಿರಗಳು ಆಗ ಮುಚ್ಚಿರುತ್ತವೆ, ತೆರೆದಿರುವವು ದರ ಇಳಿಸಿ ಕರೆಯುತ್ತವೆ. ದರ ಇಳಿದದ್ದು ಏಕೆಂದು ಕೇಳದೆ ಹಣ ಕಟ್ಟಬೇಡಿ.

ವೈಶಾಖದ ಜೋಡಿಗೆ ನನ್ನ ಮೊದಲ ಸಲಹೆ ನಮೀಬಿಯಾ. ಕರ್ನಾಟಕಕ್ಕಿಂತ ನಾಲ್ಕು ಪಟ್ಟಿಗೂ ದೊಡ್ಡ ದೇಶ, ಜನ ಮಾತ್ರ ಸುಮಾರು 30 ಲಕ್ಷ. ಮೇ ತಿಂಗಳ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ, ಹಗಲು ಹಿತವಾದ ಬಿಸಿಲು, ಜೂನ್ ಬಂತೆಂದರೆ ಮರುಭೂಮಿಯ ರಾತ್ರಿ ಗಡಗಡ ನಡುಗಿಸುತ್ತದೆ. ಅಲ್ಲಿ ಗಾಡಿ ನೀವೇ ಓಡಿಸಬಹುದು. ನಮ್ಮಂತೆಯೇ ರಸ್ತೆಯ ಎಡಬದಿ. ನೆತ್ತಿಯ ಮೇಲೆ ಡೇರೆ ಮಡಿಸಿಟ್ಟ ಪಿಕಪ್ ಗಾಡಿ ಬಾಡಿಗೆಗೆ ಸಿಗುತ್ತದೆ. ಸಂಜೆ ಗಾಡಿ ನಿಲ್ಲಿಸಿ, ಡೇರೆ ಬಿಚ್ಚಿ, ಏಣಿ ಹತ್ತಿದರೆ ಆಯಿತು, ಅದೇ ಮನೆ. ಸೊಸ್ಸುಸ್‌ಫ್ಲೈ ಎಂಬಲ್ಲಿ ಕೆಂಪು ಮರಳಿನ ದಿಬ್ಬಗಳು 300 ಮೀಟರಿಗೂ ಎತ್ತರ ಏಳುತ್ತವೆ. ಪಕ್ಕದ ಬಿಳಿ ಜೇಡಿಯ ತಟ್ಟೆಯಲ್ಲಿ ಶತಮಾನಗಳ ಹಿಂದೆಯೇ ಸತ್ತ ಮರಗಳು ಕೊಳೆಯದೆ ನಿಂತಿವೆ. ಕೊಳೆಸಲು ತೇವವೇ ಇಲ್ಲ. ಉತ್ತರಕ್ಕೆ ಎಟೋಶಾ ರಾಷ್ಟ್ರೀಯ ಉದ್ಯಾನ. ಅಲ್ಲಿಯ ಒಕಾಕುಯೇಯೋ ಶಿಬಿರದ ನೀರಿನ ಹೊಂಡಕ್ಕೆ ರಾತ್ರಿಯಿಡೀ ದೀಪ ಹಾಕಿರುತ್ತಾರೆ. ಕಟ್ಟೆಯ ಈಚೆ ಕಂಬಳಿ ಹೊದ್ದು ಕೂತರೆ ಘೇಂಡಾಮೃಗ, ಆನೆ, ಸಿಂಹ ಸರದಿಯಲ್ಲಿ ಬಂದು ನೀರು ಕುಡಿದು ಹೋಗುತ್ತವೆ. ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವ ಜೀಪಿನ ಸಫಾರಿಗಿಂತ ಇದು ನನಗೆ ಹೆಚ್ಚು ಇಷ್ಟ.

ಅಪಾಯ ಇರುವುದು ಸಿಂಹದಲ್ಲಿ ಅಲ್ಲ, ಜಲ್ಲಿರಸ್ತೆಯಲ್ಲಿ. ನಮೀಬಿಯಾದ ಬಹುಪಾಲು ರಸ್ತೆಗಳಿಗೆ ಡಾಂಬರಿಲ್ಲ. ನೇರವಾಗಿ, ಖಾಲಿಯಾಗಿ, ಕಣ್ಣು ಹಾಯುವವರೆಗೆ ಹರಡಿರುವ ರಸ್ತೆ ಕಂಡು ವೇಗ ಹೆಚ್ಚಿಸುತ್ತಾರೆ. ಜಲ್ಲಿಯ ಮೇಲೆ ಚಕ್ರ ಜಾರಿದಾಗ ಬ್ರೇಕ್ ತುಳಿಯುತ್ತಾರೆ, ಗಾಡಿ ಮಗುಚುತ್ತದೆ. ಬಾಡಿಗೆ ಗಾಡಿಯ ವಿಮೆಯಲ್ಲಿ ವೇಗದ ಷರತ್ತು, ಕತ್ತಲಾದ ಮೇಲೆ ಓಡಿಸಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತವೆ. ಅವನ್ನು ಓದಿ ಸಹಿ ಹಾಕಿ. ಇಲ್ಲಿಯ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಬ್ಬರೂ ಮಾಡಿಸಿಕೊಳ್ಳಿ. ಒಬ್ಬರೇ ಓಡಿಸಿ ಇನ್ನೊಬ್ಬರು ಪಕ್ಕದಲ್ಲಿ ಕೂತು ದಾರಿ ಹೇಳುತ್ತ ಹೋದರೆ ಮೊದಲ ಜಗಳ ಮರುಭೂಮಿಯಲ್ಲೇ ಆಗುತ್ತದೆ.

ಅದೇ ಜ್ಯೇಷ್ಠ, ಆಷಾಢದ ಹೊತ್ತಿಗೆ ಬೋಟ್ಸ್ವಾನಾದ ಒಕವಾಂಗೋದಲ್ಲಿ ಒಂದು ಸೋಜಿಗ. ಸುತ್ತಲೂ ಮಳೆ ನಿಂತು ತಿಂಗಳುಗಳಾಗಿರುತ್ತದೆ, ಆದರೆ ನೆರೆ ಬರುವುದು ಆಗ. ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆ ಸಮತಟ್ಟು ನೆಲದ ಮೇಲೆ ತೆವಳುತ್ತ ಬಂದು ಕಲಹರಿಯ ಮರಳಿನಲ್ಲಿ ಹರಡಿಕೊಳ್ಳಲು ಅಷ್ಟು ತಿಂಗಳು ಬೇಕು. ಸಮುದ್ರ ಸೇರದ ನದಿ ಈ ಒಕವಾಂಗೋ. ಮೊಕೊರೊ ಎಂಬ ಕಿರಿದಾದ ದೋಣಿಯಲ್ಲಿ ಇಬ್ಬರು ಕೂತರೆ, ಹಿಂದೆ ನಿಂತವನು ಗಳು ಹಾಕುತ್ತ ಜೊಂಡಿನ ನಡುವೆ ಒಯ್ಯುತ್ತಾನೆ. ನೀರಾನೆ ಇರುವ ಮಡುವನ್ನು ಬಳಸಿಕೊಂಡು ಹೋಗುವುದು ಅವನ ವಿದ್ಯೆ. ಆ ದೋಣಿಯಲ್ಲಿ ಕೈಬೆರಳು ನೀರಿಗೆ ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುವ ಉಮೇದು ಬೇಡ, ಮೊಸಳೆಗಳಿವೆ.

ಜಾಂಬೆಜಿ ನದಿಯ ವಿಕ್ಟೋರಿಯಾ ಜಲಪಾತಕ್ಕೂ ಇದೇ ಮಾಸದ ಲೆಕ್ಕ. ಜೋಗ 253 ಮೀಟರ್ ಎತ್ತರ, ವಿಕ್ಟೋರಿಯಾ 108 ಮಾತ್ರ. ಆದರೆ ಅದರ ಅಗಲ 1,708 ಮೀಟರ್. ಏಪ್ರಿಲ್, ಮೇ ತಿಂಗಳಲ್ಲಿ ನದಿ ತುಂಬಿರುತ್ತದೆ. ಜಾಂಬಿಯಾದ ಕಡೆ ನಿಂತರೆ ತುಂತುರಿನಲ್ಲಿ ಒದ್ದೆಯಾಗುತ್ತೀರಿ, ಜಲಪಾತವೇ ಕಾಣದೆ ಇರಬಹುದು. ಕೆಳಗಿನ ಬಟೋಕಾ ಕಮರಿಯ ಭೋರ್ಗರೆತದಲ್ಲಿ ರಬ್ಬರ್ ದೋಣಿಯ ಸವಾರಿಗೆ ನೀರು ಇಳಿಯಬೇಕು. ಆಗಸ್ಟಿನಿಂದ ಡಿಸೆಂಬರ್ ಅದಕ್ಕೆ ಹದವಾದ ಕಾಲ. ಜಲಪಾತದ ಅಂಚಿನಲ್ಲೇ ಇರುವ ಡೆವಿಲ್ಸ್ ಪೂಲ್ ಎಂಬ ಗುಂಡಿಗೆ ಇಳಿಯುವುದೂ ನೀರು ಕಡಿಮೆಯಾದಾಗ ಮಾತ್ರ, ಮಾರ್ಗದರ್ಶಿಯ ಜೊತೆಗೆ. ಹೀಗಾಗಿ ಶ್ರಾವಣದಲ್ಲಿ ಮದುವೆಯಾದವರಿಗೆ ಜಾಂಬೆಜಿ ಸರಿ, ವೈಶಾಖದವರಿಗೆ ತುಂತುರಿನ ನಡುವೆ ಕಂಡಷ್ಟು ಜಲಪಾತ ನೋಡುವ ಭಾಗ್ಯವಷ್ಟೇ. ಜಾಂಬಿಯಾ, ಜಿಂಬಾಬ್ವೆಗಳನ್ನು ಬೆಸೆಯುವ ಅಲ್ಲಿಯ ಸೇತುವೆ 1905ರದು. ಅದರ ಮೇಲಿಂದ 111 ಮೀಟರ್ ಕೆಳಕ್ಕೆ ಬಂಜಿ ಹಾರಿಸುತ್ತಾರೆ, ಬೇಕೆಂದರೆ ಗಂಡಹೆಂಡಿರನ್ನು ಒಟ್ಟಿಗೆ ಕಟ್ಟಿ. ಬ್ರಹ್ಮಗಂಟು ಹಾಕಿಸಿಕೊಂಡು ಬಂದವರಿಗೆ ಇದೇನು ಮಹಾ ಎನ್ನಬೇಡಿ. 2011ರ ಕೊನೆಯ ದಿನ ಅಲ್ಲಿ ಹಗ್ಗ ಕಡಿದು ಒಬ್ಬ ಯುವತಿ ನದಿಗೆ ಬಿದ್ದಿದ್ದಳು. ಬದುಕಿ ಬಂದಳು. ಹಾರುವವರು ಇದನ್ನೂ ತಿಳಿದೇ ಹಾರಬೇಕು.

ಈಗ ಆಷಾಢದ ಮಾತು. ಹಿರಿಯರು ಈ ಮಾತನ್ನು ಕೊಂಚ ಸೈರಣೆಯಿಂದ ಕೇಳಬೇಕು. ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯಿ ಮಾರಾದಲ್ಲಿ ಹತ್ತು ಹದಿನೈದು ಲಕ್ಷ ವೈಲ್ಡ್‌ಬೀಸ್ಟ್ ಎಂಬ ಹುಲ್ಲೆಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಹುಲ್ಲು ಹುಡುಕುತ್ತ ವರ್ಷವಿಡೀ ಸುತ್ತು ಹಾಕುತ್ತವೆ. ಅವು ಮೊಸಳೆಗಳಿರುವ ಮಾರಾ ನದಿಯನ್ನು ದಾಟುವ ಕಾಲ ಜುಲೈಯಿಂದ ಅಕ್ಟೋಬರ್. ಜುಲೈ ಎಂದರೆ ನಮಗೆ ಆಷಾಢ. ಹೊಸ ಸೊಸೆ ತವರಿನಲ್ಲಿರಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಸೆರೆಂಗೆಟಿಯ ಡೇರೆಗೆ ಹೊಸ್ತಿಲಿಲ್ಲ, ಅತ್ತೆಯೂ ಅಲ್ಲಿಗೆ ಬರುವುದಿಲ್ಲ ಎಂದು ವಾದ ಹೂಡಬಹುದು. ಆದರೆ ಹೊಸ ಸಂಸಾರದ ಮೊದಲ ತಿಂಗಳಲ್ಲೇ ಆ ವಾದ ಗೆದ್ದು ಲಾಭವೇನು? ಸೆಪ್ಟೆಂಬರಿನಲ್ಲೂ ಹಿಂಡುಗಳು ನದಿ ದಾಟುತ್ತಲೇ ಇರುತ್ತವೆ. ಗೌರಿಹಬ್ಬದ ಬಾಗಿನ ತೆಗೆದುಕೊಂಡು ನೆಮ್ಮದಿಯಾಗಿ ಹೊರಡಿ. ಒಂದೇ ಎಚ್ಚರ, ನದಿ ದಾಟುವುದಕ್ಕೆ ಮುಹೂರ್ತವಿಲ್ಲ. ಹಿಂಡು ದಡಕ್ಕೆ ಬಂದು ಗಂಟೆಗಟ್ಟಲೆ ನಿಂತು ಹಿಂದಿರುಗಿ ಹೋಗಿಬಿಡಬಹುದು. ಅಲ್ಲಿ ಒಂದು ರಾತ್ರಿ ಉಳಿದು ನಾಳೆ ಮುಂದಿನ ಊರು ಎನ್ನುವ ಪ್ಯಾಕೇಜಿನವರಿಗೆ ಧೂಳು ಬಿಟ್ಟು ಬೇರೇನೂ ಸಿಗದೆ ಹೋಗಬಹುದು. ಎರಡು ಊರು ಕೈಬಿಟ್ಟು ಮಾರಾ ದಡದಲ್ಲೇ ನಾಲ್ಕು ದಿನ ಉಳಿಯಿರಿ.

ಮಾಘದ ಮದುವೆಯವರದು ಅದೃಷ್ಟ. ಜನವರಿ ಕೊನೆ, ಫೆಬ್ರವರಿಯಲ್ಲಿ ಅದೇ ಹಿಂಡುಗಳು ಸೆರೆಂಗೆಟಿಯ ದಕ್ಷಿಣಕ್ಕೆ, ಎನ್ಡುಟು ಬಯಲಿಗೆ ಬಂದಿರುತ್ತವೆ. ಗೋರೊಂಗೋರೊ ಎತ್ತರದ ಜ್ವಾಲಾಮುಖಿಗಳು ಹಿಂದೆಂದೋ ಉಗುಳಿದ ಬೂದಿಯ ಮೇಲೆ ಬೆಳೆದ ಗಿಡ್ಡ ಹುಲ್ಲದು. ಖನಿಜಾಂಶ ಹೇರಳ, ಬಾಣಂತಿ ತಾಯಂದಿರಿಗೆ ಒಳ್ಳೆಯ ಮೇವು. ಕೆಲವೇ ವಾರಗಳಲ್ಲಿ ಲಕ್ಷಾಂತರ ಕರುಗಳು ಹುಟ್ಟುತ್ತವೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ನಿಂತು ಓಡಲು ಕಲಿಯುತ್ತವೆ. ಕಲಿಯದವನ್ನು ಕತ್ತೆಕಿರುಬ, ಚೀತಾಗಳು ಬಿಡುವುದಿಲ್ಲ. ಆ ಹೊತ್ತಿಗೆ ಝಾಂಜಿಬಾರ್ ದ್ವೀಪದ ಕಡಲೂ ಬೆಚ್ಚಗಿರುತ್ತದೆ. ಅಲ್ಲಿಯ ಸ್ಟೋನ್ ಟೌನಿನ ಓಣಿಗಳಲ್ಲಿ ಗುಜರಾತಿ ವರ್ತಕರ ಕಾಲದ ಕೆತ್ತನೆಯ ಬಾಗಿಲುಗಳನ್ನು ನೋಡುತ್ತ ಅಲೆಯುವುದು ಹತ್ತಿಳಿದು ದಣಿದ ಕಾಲಿಗೆ ಹಿತ.

ಏನು ಹತ್ತಿಳಿದು? ಅದೇ ಟಾಂಜಾನಿಯಾದ ಕಿಲಿಮಂಜಾರೋ. ಜನವರಿಯಿಂದ ಮಾರ್ಚಿನ ಮೊದಲ ದಿನಗಳು, ಇಲ್ಲವೆ ಜೂನ್ ಕೊನೆಯಿಂದ ಅಕ್ಟೋಬರ್ ಅದನ್ನು ಹತ್ತುವ ಕಾಲ. 5,895 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್, ಮೂರನ್ನು ಒಂದರ ಮೇಲೊಂದು ಪೇರಿಸಿದರೂ ನೂರು ಮೀಟರ್ ಬಾಕಿ. ಹಗ್ಗ ಹಿಡಿದು ಬಂಡೆ ಹತ್ತುವ ಕೆಲಸ ಮಾಮೂಲಿ ದಾರಿಗಳಲ್ಲಿ ಇಲ್ಲ, ನಡೆದೇ ತುದಿ ಮುಟ್ಟಬಹುದು. ಅದಕ್ಕೇ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ತುದಿಯಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತಡಿಯಲ್ಲಿ ಸಿಗುವುದರ ಅರ್ಧ ಮಾತ್ರ. ಕುಮಾರಪರ್ವತವನ್ನು ಹತ್ತಿ ಇಳಿದು ಅಭ್ಯಾಸ ಮಾಡಿ, ಕಾಲು ಗಟ್ಟಿಯಾಗುತ್ತದೆ. ಆದರೆ ಎತ್ತರದ ಕಾಯಿಲೆಗೆ ಕಾಲಿನ ಬಲ ಲೆಕ್ಕಕ್ಕಿಲ್ಲ. ಗಟ್ಟಿಮುಟ್ಟಾದ ಆಳು ವಾಂತಿ ಮಾಡುತ್ತ ಕೂತಿರುತ್ತಾನೆ, ಸಣಕಲು ದೇಹದವರು ಸದ್ದಿಲ್ಲದೆ ಮೇಲೆ ಹೋಗಿರುತ್ತಾರೆ. ಇದಕ್ಕಿರುವ ಮುಖ್ಯ ಉಪಾಯ ನಿಧಾನ. ಮಾರ್ಗದರ್ಶಿಗಳು ದಾರಿಯುದ್ದಕ್ಕೂ ಪೋಲೆ ಪೋಲೆ, ನಿಧಾನ ನಿಧಾನ ಎನ್ನುತ್ತಿರುತ್ತಾರೆ. ಐದು ದಿನದಲ್ಲಿ ಹತ್ತಿಸುತ್ತೇವೆ, ಅಗ್ಗ ಎನ್ನುವವರನ್ನು ಬಿಟ್ಟು ಏಳೆಂಟು ದಿನದ ಲೆಮೋಶೋ ಅಥವಾ ಏಳು ದಿನದ ಮಚಾಮೆ ದಾರಿ ಹಿಡಿಯಿರಿ. ಮರಂಗು ದಾರಿ ಸುಲಭವೆಂಬ ಹೆಸರಿದೆ, ಡೇರೆಯ ಬದಲು ಮರದ ಗುಡಿಸಲುಗಳಿವೆ. ಆದರೆ ಅಲ್ಲಿರುವುದು ಒಂದರ ಮೇಲೊಂದು ಮಂಚ, ಅಪರಿಚಿತರೊಂದಿಗೆ ಹಂಚಿಕೊಂಡ ಕೋಣೆ. ಮಧುಚಂದ್ರಕ್ಕೆ ಹೊರಟವರು ಇದನ್ನು ಮೊದಲೇ ತಿಳಿದಿರುವುದು ಲೇಸು.

ತುದಿಗೆ ಹೊರಡುವುದು ನಡುರಾತ್ರಿಯಲ್ಲಿ, ಕೊರೆಯುವ ಚಳಿಯಲ್ಲಿ. ಅಲ್ಲಿ ಒಬ್ಬರಿಗೆ ತಲೆನೋವು ವಿಪರೀತವಾಯಿತು, ನಡಿಗೆ ತೂರಾಡಿತು ಎನ್ನೋಣ. ಕೂಡಲೇ ಕೆಳಗಿಳಿಸಬೇಕು, ಅದೇ ಮೊದಲ ಮದ್ದು. ಇನ್ನೊಬ್ಬರು ಏನು ಮಾಡಬೇಕು? ಮೇಲೆ ಹೋಗಬೇಕೆ, ಜೊತೆಗೆ ಇಳಿಯಬೇಕೆ? ಈ ಪ್ರಶ್ನೆಗೆ ಉತ್ತರವನ್ನು ಮನೆಯಲ್ಲಿ ಕೂತು, ಕಾಫಿ ಕುಡಿಯುತ್ತ ತೀರ್ಮಾನಿಸಿಕೊಳ್ಳಿ. ಐದೂವರೆ ಸಾವಿರ ಮೀಟರ್ ಮೇಲೆ ನಿಂತು ತೀರ್ಮಾನಿಸಲು ಹೊರಟರೆ ಆ ಮಾತು ಇಪ್ಪತ್ತು ವರ್ಷ ಮನೆಯಲ್ಲಿ ಓಡಾಡುತ್ತದೆ. ಜೋಡಿಗೆ ಒಬ್ಬರೇ ಮಾರ್ಗದರ್ಶಿ ಇದ್ದರೆ ಆಯ್ಕೆಯೇ ಇರುವುದಿಲ್ಲ, ಆದ್ದರಿಂದ ಇಬ್ಬರು ಮಾರ್ಗದರ್ಶಿಗಳನ್ನು ಕೇಳಿ ಪಡೆಯಿರಿ.

ನನ್ನ ಅಭಿಪ್ರಾಯದಲ್ಲಿ ಇಡೀ ಯೋಜನೆಯ ತಿರುಳು ಇದೇ: ಇಬ್ಬರಲ್ಲಿ ಯಾರು ಹೆಚ್ಚು ಅಂಜುತ್ತಾರೋ ಅವರು ಗೆರೆ ಎಳೆಯಬೇಕು. ಗೆರೆ ಎಳೆಯದೆ ಸಾಗಿದವರೂ ಇದ್ದಾರೆ. 1864ರಲ್ಲಿ ಸ್ಯಾಮ್ಯುಯೆಲ್ ಬೇಕರ್ ಎಂಬ ಇಂಗ್ಲಿಷಿನವನು ಫ್ಲಾರೆನ್ಸ್ ಎಂಬಾಕೆಯ ಜೊತೆ ನೈಲ್ ನದಿಯ ಮೂಲ ಹುಡುಕುತ್ತ ಇವತ್ತಿನ ಉಗಾಂಡಾದ ಆಲ್ಬರ್ಟ್ ಸರೋವರಕ್ಕೆ ಬಂದ. ದಾರಿಯಲ್ಲಿ ಆಕೆಗೆ ಬಿಸಿಲು ಬಡಿದು ದಿನಗಟ್ಟಲೆ ಎಚ್ಚರವಿರಲಿಲ್ಲ. ಹಾಗೇ ಹೊತ್ತುಕೊಂಡು ಮುಂದೆ ಸಾಗಿದರು. ಅವಳು ಬದುಕಿದಳು. ಇಬ್ಬರ ಮದುವೆ ಆದದ್ದು ಮರುವರ್ಷ, ಇಂಗ್ಲೆಂಡಿಗೆ ಮರಳಿದ ಮೇಲೆ, ಆದ್ದರಿಂದ ಇದನ್ನು ಮಧುಚಂದ್ರ ಎನ್ನಲೂ ಆಗದು. ಜನ ಅವರ ಧೈರ್ಯವನ್ನು ಹೊಗಳುತ್ತಾರೆ. ಹಾಗೆ ಸಾಗಿದ್ದನ್ನು ಮಾತ್ರ ಅನುಸರಿಸಲು ಯೋಗ್ಯವಾದ ಮಾದರಿ ಎಂದು ನಾನು ಒಪ್ಪುವುದಿಲ್ಲ.

ಅದೇ ಉಗಾಂಡಾದಲ್ಲಿ, ಪಕ್ಕದ ರುವಾಂಡಾದಲ್ಲಿ ಬೆಟ್ಟದ ಗೊರಿಲ್ಲಾಗಳನ್ನು ನೋಡಬಹುದು. ಜಗತ್ತಿನಲ್ಲಿ ಉಳಿದಿರುವುದು ಸಾವಿರಕ್ಕೆ ತುಸು ಹೆಚ್ಚು. ಕೆಸರು, ಬಳ್ಳಿ, ಇಳಿಜಾರಿನಲ್ಲಿ ಗಂಟೆಗಟ್ಟಲೆ ನಡೆದರೆ ಅವುಗಳ ಎದುರು ಒಂದು ಗಂಟೆ, ಅಷ್ಟೆ. ಒಂದು ಕುಟುಂಬದ ಬಳಿಗೆ ಒಂದು ದಿನಕ್ಕೆ ಎಂಟೇ ಜನ. ಪರವಾನಗಿ ಶುಲ್ಕ ಉಗಾಂಡಾದಲ್ಲಿ ತಲೆಗೆ 800 ಡಾಲರ್, ರುವಾಂಡಾದಲ್ಲಿ 1,500. ನೆಗಡಿ ಇದ್ದರೆ ಬಿಡುವುದಿಲ್ಲ, ನಮ್ಮ ಸೋಂಕು ಅವುಗಳಿಗೆ ಮಾರಕ. ಮದುವೆಮನೆಯ ಜನಜಂಗುಳಿ, ನಿದ್ದೆಗೇಡು ಎರಡೂ ಸೇರಿ ನೆಗಡಿ ತರುವ ಕಾಲದಲ್ಲಿ ಇಷ್ಟು ಹಣ ಪಣಕ್ಕಿಡುವ ಮುನ್ನ ಯೋಚಿಸಿ. ಆರತಕ್ಷತೆಯ ಮರುದಿನವೇ ವಿಮಾನ ಹತ್ತುವ ಹಟ ಯಾವ ಸಾಹಸಕ್ಕೂ ಒಳ್ಳೆಯದಲ್ಲ. ವಾರ ಹತ್ತು ದಿನ ಮನೆಯಲ್ಲಿ ನಿದ್ದೆ ಮಾಡಿ ಹೊರಡಿ.

ಇನ್ನು ಔಷಧ, ಕಾಗದಪತ್ರ. ಕೀನ್ಯಾ, ಉಗಾಂಡಾ, ಇಥಿಯೋಪಿಯಾದಂಥ ದೇಶಗಳಿಗೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆಯ ಕಾರ್ಡು ಬೇಕು. ಅದು ಜಾರಿಗೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ. ಒಮ್ಮೆ ಹಾಕಿಸಿಕೊಂಡರೆ ಈಗ ಜೀವಮಾನಕ್ಕೆ ಸಾಕು. ಕಾರ್ಡಿಲ್ಲದೆ ಮರಳಿದರೆ ನಮ್ಮದೇ ವಿಮಾನನಿಲ್ದಾಣದಲ್ಲಿ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಈ ಜ್ವರ ಭಾರತದಲ್ಲಿಲ್ಲ, ಹರಡುವ ಸೊಳ್ಳೆ ಮಾತ್ರ ಇದೆ, ಅದಕ್ಕೇ ಇಷ್ಟು ಬಿಗಿ. ಇದರದು ಜೀವಂತ ವೈರಸ್ಸಿನ ಲಸಿಕೆ, ಗರ್ಭಿಣಿಯರಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಮಲೇರಿಯಾ ಅಂತೂ ಗರ್ಭಿಣಿಯರಿಗೆ ವಿಶೇಷವಾಗಿ ಅಪಾಯ. ಹೊಸ ದಂಪತಿಗಳು ನಾಚಿಕೆ ಬಿಟ್ಟು, ಮಗುವಿನ ಯೋಚನೆ ಏನೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮಲೇರಿಯಾ ತಡೆಯುವ ಮಾತ್ರೆ ಯಾವುದು, ಲಸಿಕೆ ಯಾವಾಗ ಎನ್ನುವುದೆಲ್ಲ ಅದರ ಮೇಲಿದೆ.

ಹೆಣ್ಣುಮಕ್ಕಳು ಮದುವೆಯ ನಂತರ ಹೆಸರು ಬದಲಿಸುವುದಾದರೆ ಪ್ರವಾಸ ಮುಗಿಸಿ ಬಂದು ಬದಲಿಸಿ. ಪಾಸ್‌ಪೋರ್ಟು, ಟಿಕೆಟ್ಟು, ವೀಸಾ ಮೂರರಲ್ಲೂ ಒಂದೇ ಹೆಸರಿರಬೇಕು. ಪ್ರವಾಸ ವಿಮೆ ಕೊಳ್ಳುವಾಗ ಎಷ್ಟು ಎತ್ತರದವರೆಗೆ, ಯಾವ ಯಾವ ಸಾಹಸಕ್ಕೆ ಎಂದು ಸಣ್ಣಕ್ಷರವನ್ನೂ ಓದಿ. ಸಾಮಾನ್ಯ ವಿಮೆ ಬೆಟ್ಟ ಹತ್ತುವುದನ್ನೂ ಬಂಜಿಯನ್ನೂ ಹೊರಗಿಡುವುದುಂಟು. ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಒಯ್ಯುವ ವೆಚ್ಚ ಅದರಲ್ಲಿ ಸೇರಿರಲೇಬೇಕು. ಪೂರ್ವ ಆಫ್ರಿಕಾದಲ್ಲಿ 1957ರಿಂದ ಈ ಕೆಲಸ ಮಾಡುತ್ತಿರುವ ಹಾರುವ ವೈದ್ಯರ ಪಡೆ ನೈರೋಬಿಯಲ್ಲಿದೆ.

ಸಾಮಾನು ಕಟ್ಟುವುದು ಅಮ್ಮಂದಿರ ಕೆಲಸವಾಗಿದ್ದರೆ ಅವರಿಗೂ ಎರಡು ಮಾತು. ಕೀನ್ಯಾ, ಟಾಂಜಾನಿಯಾ, ರುವಾಂಡಾಗಳಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ. ಚಟ್ನಿಪುಡಿ, ಅವಲಕ್ಕಿಯನ್ನು ಬಟ್ಟೆಯ ಚೀಲದಲ್ಲೋ ಡಬ್ಬಿಯಲ್ಲೋ ಕಟ್ಟಿ. ಕಾಡಿನ ಪುಟ್ಟ ವಿಮಾನಗಳು ತಲೆಗೆ 15 ಕಿಲೋ, ಅದೂ ಮೆತ್ತನೆಯ ಚೀಲವಾದರೆ ಮಾತ್ರ ಒಪ್ಪುತ್ತವೆ. ಗಟ್ಟಿ ಸೂಟ್‌ಕೇಸು ಬೇಡ. ಒಡವೆ ಮನೆಯಲ್ಲೇ ಇರಲಿ. ಕಪ್ಪು, ಕಡುನೀಲಿ ಬಟ್ಟೆಗೆ ತ್ಸೆತ್ಸೆ ನೊಣ ಮುತ್ತುತ್ತದೆ. ಸೈನಿಕರ ಮಾದರಿಯ ಹಸಿರು ಮಚ್ಚೆಯ ಬಟ್ಟೆ ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಕಾನೂನಿಗೇ ವಿರುದ್ಧ. ಊಟದ ಚಿಂತೆ ಅಷ್ಟಾಗಿ ಬೇಡ. ಪೂರ್ವ ಆಫ್ರಿಕಾದಲ್ಲಿ ಚಪಾತಿ ಮನೆಮಾತು. ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆ, ಜೊತೆಗೆ ಸುಕುಮಾ ಎಂಬ ಸೊಪ್ಪಿನ ಪಲ್ಯ ಎಲ್ಲೆಡೆ ಸಿಗುತ್ತದೆ. ರಾಗಿ ಅಂಬಲಿಯೂ ಸಿಗುತ್ತದೆ. ಸಿಗದೆ ಏನು, ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ನಮ್ಮಲ್ಲಿಗೆ ಬಂದದ್ದು ಅಲ್ಲಿಂದ.

ಕಾರ್ತಿಕ, ಮಾರ್ಗಶಿರದಲ್ಲಿ ಮದುವೆಯಾಗುವವರನ್ನು ಮರೆತಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಮೇಲೆಲ್ಲ ಮಳೆ ಶುರುವಾಗಿರುತ್ತದೆ, ಕೇಪ್‌ಟೌನಿನಲ್ಲಿ ಮಾತ್ರ ಬೇಸಿಗೆ. ಟೇಬಲ್ ಪರ್ವತ ಹತ್ತಿ, ಗಾರ್ಡನ್ ರೂಟ್ ಕಡಲದಾರಿಯಲ್ಲಿ ಗಾಡಿ ಓಡಿಸಿ, ಧೈರ್ಯವಿದ್ದರೆ ಬ್ಲೌಕ್ರಾನ್ಸ್ ಸೇತುವೆಯಿಂದ 216 ಮೀಟರ್ ಬಂಜಿ ಹಾರಿ ಬನ್ನಿ.

ದಕ್ಷಿಣ ಆಫ್ರಿಕಾದ ವೀಸಾಕ್ಕೆ ಸಮಯ ಹಿಡಿಯುತ್ತದೆ, ಗೊರಿಲ್ಲಾ ಪರವಾನಗಿ ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ. ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಆದ್ದರಿಂದ ಪುರೋಹಿತರು ಮುಹೂರ್ತ ಇಟ್ಟುಕೊಟ್ಟ ವಾರದಲ್ಲೇ ಈ ಮೂರು ಕೆಲಸಕ್ಕೆ ಕೈಹಾಕಿ. ಲಗ್ನಪತ್ರಿಕೆ ಆಮೇಲೆ ಅಚ್ಚಾದರೂ ನಡೆಯುತ್ತದೆ.